ಒಮಾಹಾ ಹೈ-ಲೋ ಆ್ಯಪ್: ಆಟ ಸೊಗಸು, ಪಾಟ್ ಹಂಚಿದ್ದು ಮಾತ್ರ ಕಾಣಲ್ಲ

ಒಂದು ವರ್ಷಕ್ಕೂ ಜಾಸ್ತಿ ಆಯಿತು, ಒಮಾಹಾ ಹೈ-ಲೋ ಎಂಬ ಪೋಕರ್ ಆಟದ ಈ ಆ್ಯಪ್ ನನ್ನ ಫೋನಿನಲ್ಲಿದೆ. ಇದರಲ್ಲಿ ದುಡ್ಡಿನ ಬದಲು ಬರೀ ಉಚಿತ ಚಿಪ್ಸ್‌ನಲ್ಲೇ, ಅಂದರೆ ಆಟದ ಬಿಲ್ಲೆಗಳಲ್ಲೇ ಆಟ. ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು 2025ರ ಆಗಸ್ಟ್‌ನಲ್ಲಿ ಬಂದ ಕೇಂದ್ರದ ಕಾನೂನು ನಿಷೇಧಿಸಿದೆ. ನನಗೂ ದುಡ್ಡಿನ ಆಟ ಬೇಕಿರಲಿಲ್ಲ. ಪಾಟ್, ಅಂದರೆ ಎಲ್ಲರೂ ಪಣಕ್ಕಿಟ್ಟ ಚಿಪ್ಸ್‌ನ ರಾಶಿ, ಎರಡು ಪಾಲಾಗುವ ಈ ಆಟವನ್ನು ಕಲಿಯುವ ಆಸೆಯಷ್ಟೇ ಇತ್ತು.

ರಾತ್ರಿ ಊಟ ಮುಗಿಸಿ ಪಾತ್ರೆ ತೊಳೆದಿಟ್ಟ ಮೇಲೆ ಕೂರುತ್ತೇನೆ. ಕೈಗೆ ನಾಲ್ಕು ಎಲೆ ಬರುತ್ತವೆ. ಬೆರಳಲ್ಲಿ ಎಳೆದು ಚಿಕ್ಕವನ್ನು ಎಡಕ್ಕೆ, ದೊಡ್ಡವನ್ನು ಬಲಕ್ಕೆ ಜೋಡಿಸುತ್ತೇನೆ. ಇಲ್ಲಿ ಕಳಾವರ್ ಹಸಿರು, ಡೈಮಂಡ್ ನೀಲಿ. ನಾಲ್ಕು ಜಾತಿಗೆ ನಾಲ್ಕು ಬಣ್ಣ ಇರುವುದರಿಂದ ಮಂದ ಬೆಳಕಲ್ಲೂ ಗೊಂದಲ ಆಗಲ್ಲ. ಎಕ್ಕ, ಎರಡು, ಮೂರು ಒಟ್ಟಿಗೆ ಬಂದರೆ ಆ ರಾತ್ರಿ ಖುಷಿಯೋ ಖುಷಿ.

ಎಲ್ಲರಿಗೂ ಸೇರಿ ಮೇಜಿನ ಮೇಲೆ ಐದು ಎಲೆ ಬೀಳುತ್ತವೆ. ಐದೆಲೆಯ ಕೈ ಕಟ್ಟಲು ಕೈಯಿಂದ ಎರಡೇ ಎಲೆ, ಮೇಜಿನಿಂದ ಮೂರು. ಹೆಚ್ಚೂ ಇಲ್ಲ, ಕಮ್ಮಿಯೂ ಇಲ್ಲ. ಈ ಕಟ್ಟುಪಾಡಿಲ್ಲದ ಹೋಲ್ಡಮ್ ಎಂಬ ಪೋಕರ್ ಆಡಿ ಬಂದವರು ಎಡವುವುದೇ ಇಲ್ಲಿ. ಅರ್ಧ ಪಾಟ್ ದೊಡ್ಡ ಕೈಗೆ (ಹೈ), ಇನ್ನರ್ಧ ಚಿಕ್ಕ ಕೈಗೆ (ಲೋ). ಚಿಕ್ಕ ಕೈ ಅಂದರೆ ಐದೂ ಎಲೆ ಎಂಟು ಇಲ್ಲವೇ ಅದಕ್ಕಿಂತ ಚಿಕ್ಕವು, ಒಂದೂ ಜೋಡಿ ಇರಬಾರದು. ಎಕ್ಕ ಇಲ್ಲಿ ಎಲ್ಲಕ್ಕಿಂತ ಚಿಕ್ಕದು. ಸ್ಟ್ರೇಟ್ (ಸಾಲಾಗಿ ಬಂದ ಐದು ಎಲೆ), ಫ್ಲಶ್ (ಒಂದೇ ಜಾತಿಯ ಐದು ಎಲೆ) ಆದರೂ ಲೋಗೆ ತೊಂದರೆ ಇಲ್ಲ. ಹಾಗಾಗಿ ಎಕ್ಕದಿಂದ ಐದರವರೆಗೆ ಸಿಕ್ಕಿದರೆ ಎರಡೂ ಕಡೆ ಗೆಲ್ಲಬಹುದು. ಮೇಜಿನ ಮೇಲೆ ಎಂಟರೊಳಗಿನ ಬೇರೆ ಬೇರೆ ಮೂರು ಎಲೆ ಬೀಳದಿದ್ದರೆ ಲೋ ಇಲ್ಲವೇ ಇಲ್ಲ, ಪೂರ್ತಿ ಪಾಟ್ ಹೈಗೆ.

ಆಟ ಮುಗಿದಾಗ ಗೆದ್ದ ಹೈ ಕೈಯ ಐದು ಎಲೆಗಳು ಮೇಲೆದ್ದು ಹೊಳೆಯುತ್ತವೆ. ಲೋ ಕೈಗೆ ಅದಿಲ್ಲ! ಚಿಪ್ಸ್ ಎರಡು ಕಡೆ ಹಾರುತ್ತವೆ, ಎಲೆ ಮಾಯ, ಮುಂದಿನ ಆಟ ಶುರು. ಯಾರ ಯಾವ ಎರಡು ಎಲೆ ಲೋ ಗೆದ್ದವು ಅಂತ ನೋಡುವಷ್ಟರಲ್ಲಿ ಎಲ್ಲ ಖಾಲಿ.

ಸಣ್ಣ ದೂರು ಅನ್ನಿಸಬಹುದು. ಆದರೆ ಈ ಆಟದ ಸ್ವಾರಸ್ಯ ಇರುವುದೇ ಅಲ್ಲಿ. ನನ್ನ ಕೈಯಲ್ಲಿ ಎಕ್ಕ-ಎರಡು, ಮೇಜಿನಲ್ಲಿ ಮೂರು, ಏಳು, ಎಂಟು, ರಾಜ. ಅಲ್ಲಿಯವರೆಗೆ ನನ್ನದೇ ಅತಿ ಚಿಕ್ಕ ಕೈ. ಕೊನೆಯ ಎಲೆಯಾಗಿ ಇನ್ನೊಂದು ಎರಡು ಬಿತ್ತು, ನನ್ನ ಎರಡಕ್ಕೆ ಜೋಡಿಯಾಯಿತು. ಎಕ್ಕ-ನಾಲ್ಕು ಹಿಡಿದವರು ಈಗ ಏಳೇ ದೊಡ್ಡ ಎಲೆಯಾದ ಲೋ ಮಾಡಿ ಎಂಟಕ್ಕೇ ನಿಂತ ನನ್ನನ್ನು ದಾಟುತ್ತಾರೆ. ಕೈಯಲ್ಲಿ ಮೂರನೇ ಚಿಕ್ಕ ಎಲೆ ಯಾಕೆ ಬೇಕು ಅಂತ ಕಲಿಸುವ ಘಳಿಗೆ ಇದು. ಆ್ಯಪ್ ಅದನ್ನೇ ಮುಚ್ಚಿಬಿಡುತ್ತದೆ.

ಕಾಲು ಪಾಲಿನ ಕಥೆಯೂ ಅಷ್ಟೇ. ಮೂವರು ತಲಾ 400 ಹಾಕಿದರೆ ಪಾಟ್ 1,200. ಹೈಗೆ 600. ಉಳಿದ 600ಕ್ಕೆ ಒಂದೇ ಲೋ ಇಬ್ಬರ ಹತ್ತಿರ ಇದ್ದರೆ ತಲಾ 300. ಅತ್ಯುತ್ತಮ ಲೋ ಇದ್ದೂ 100 ಚಿಪ್ಸ್ ನಷ್ಟ. ಹೊಸಬರಿಗೆ ಇದು ಮೋಸದ ಹಾಗೆ ಕಾಣುತ್ತದೆ, ಅಲ್ವಾ? ಒಂದು ಸಾಲಿನ ವಿವರಣೆ ಸಾಕಿತ್ತು.

ಹಳೆಯ ಆಟಗಳನ್ನು ನಿಧಾನವಾಗಿ ನೋಡಬೇಕೆಂದರೆ ತಿಂಗಳ ಚಂದಾ ಕಟ್ಟಬೇಕಂತೆ. ಮನೆ ಇಂಟರ್ನೆಟ್ ಬಿಲ್ಲಿನ ಜೊತೆ ಇನ್ನೊಂದು ಚಂದಾ ನನ್ನ ಲೆಕ್ಕಕ್ಕೆ ಕೂರಲ್ಲ. ಕಲಿಸುವ ಭಾಗಕ್ಕೇ ಬೀಗ ಹಾಕುವುದು ಸರಿಯೂ ಅಲ್ಲ. ಜಾಹೀರಾತು ಎಷ್ಟು ಬೇಕಾದರೂ ತೋರಿಸಲಿ, ನೋಡುತ್ತೇನೆ.

ಅಳಿಸಿಹಾಕಲು ಮಾತ್ರ ಮನಸ್ಸಿಲ್ಲ. ಮೇಜಿನಲ್ಲಿ ಜನ ಬೇಗ ಸಿಗುತ್ತಾರೆ, ಹಳೇ ಫೋನಲ್ಲೂ ತಡವರಿಸಲ್ಲ. ಹೋಲ್ಡಮ್ ಗೊತ್ತಿರುವವರು ಧೈರ್ಯವಾಗಿ ಹಾಕಿಕೊಳ್ಳಿ. ಪೋಕರ್ ಏನೂ ಗೊತ್ತಿಲ್ಲದವರು ಮೊದಲು ನಿಜವಾದ ಇಸ್ಪೀಟ್ ಕಟ್ಟು ಹರಡಿಕೊಂಡು ನಾಲ್ಕೆಲೆ, ಐದೆಲೆ ಇಟ್ಟು ಲೋ ಓದುವುದನ್ನು ಕಲಿಯಿರಿ. ಸದ್ಯಕ್ಕೆ ಮೂರು ಸ್ಟಾರ್. ಲೋ ಎಲೆಗಳೂ ಹೊಳೆಯುವ ಅಪ್‌ಡೇಟ್ ಬಂದರೆ ಐದು ಕೊಡುತ್ತೇನೆ.