ಒಂದೇ ತಿಂಗಳು ಮಾರಾಟಕ್ಕಿಟ್ಟ ಎರಡು ಮನೆ

ನಮ್ಮವರಿಗೆ ಪುಣೆಗೆ ವರ್ಗವಾಯಿತು. ಮುಂಬೈ ಹತ್ತಿರದ ಡೊಂಬಿವಲಿಯಲ್ಲಿದ್ದ ಎರಡೂ ಮನೆಗಳನ್ನು 2025ರ ಫೆಬ್ರುವರಿಯಲ್ಲಿ ಒಟ್ಟಿಗೇ ಮಾರಾಟಕ್ಕಿಟ್ಟೆವು. ಒಂದು, ಪೂರ್ವದಲ್ಲಿ ಸ್ಟೇಷನ್‌ನಿಂದ ಹತ್ತು ನಿಮಿಷದ ನಡಿಗೆಯ ಹಳೇ ಸೊಸೈಟಿಯ (ಫ್ಲ್ಯಾಟ್ ಮಾಲೀಕರ ಸಹಕಾರ ಸಂಘ) ವನ್ ಬಿಎಚ್‌ಕೆ. ಮೂರನೇ ಮಹಡಿ, ಲಿಫ್ಟ್ ಇಲ್ಲ. 2014ರಲ್ಲಿ ರೀಸೇಲ್‌ನಲ್ಲಿ, ಅಂದರೆ ಮೊದಲಿದ್ದ ಮಾಲೀಕರಿಂದ, ತೆಗೆದುಕೊಂಡದ್ದು. ಇನ್ನೊಂದು, ಕಲ್ಯಾಣ-ಶಿಳ್ ರಸ್ತೆಯ ಕಡೆಯ ಹೊಸ ಟೌನ್‌ಶಿಪ್‌ನಲ್ಲಿ, ಹದಿನಾಲ್ಕನೇ ಮಹಡಿ. 2019ರಲ್ಲಿ ಪಾಯ ತೋಡುತ್ತಿದ್ದಾಗಲೇ ಬುಕ್ ಮಾಡಿದ್ದು.

ಯಾವುದು ಮೊದಲು ಹೋಗುತ್ತೆ ಅಂತ ಮನೆಯಲ್ಲಿ ಪಂದ್ಯ. ನಾನು ಹೊಸದರ ಕಡೆ. ಸೋತೆ. ಹಳೆಯದು 19 ದಿನಕ್ಕೆ ಹೋಯಿತು. ಹೊಸದಕ್ಕೆ ಎಂಟು ತಿಂಗಳು ಹಿಡಿಯಿತು.

ಕೊಳ್ಳುವಾಗ ಮಾತ್ರ ಹೊಸದೇ ಸಲೀಸು. ಸೇಲ್ಸ್ ಆಫೀಸಿನ ಎಸಿಯಲ್ಲಿ ಕೂರಿಸಿ ಕಾಫಿ ಕೊಟ್ಟರು. ಬ್ಯಾಂಕಿನವನೂ ಅಲ್ಲೇ ಪಕ್ಕದ ಟೇಬಲ್‌ನಲ್ಲಿದ್ದ. ಬೆಲೆ 38 ಲಕ್ಷ. 45 ಲಕ್ಷದೊಳಗೆ, ಕಾರ್ಪೆಟ್ (ಗೋಡೆಗಳೊಳಗಿನ ಬಳಸುವ ಜಾಗ) 60 ಚದರ ಮೀಟರ್ ಒಳಗೆ ಇದ್ದದ್ದರಿಂದ ಜಿಎಸ್‌ಟಿ ಶೇ. 1 ಮಾತ್ರ, ಇಲ್ಲದಿದ್ದರೆ ಶೇ. 5 ಆಗುತ್ತಿತ್ತು. ರೀಸೇಲ್‌ಗಾದರೆ ಜಿಎಸ್‌ಟಿಯೇ ಇಲ್ಲ. ಆದರೆ ಹಳೇ ಮನೆ ಕೊಳ್ಳುವಾಗ ಬ್ಯಾಂಕಿಗೂ ಸೊಸೈಟಿಗೂ ಎಷ್ಟು ಸಲ ಓಡಾಡಿದೆವೋ ಲೆಕ್ಕವಿಲ್ಲ.

ಹೊಸದರ ಖರ್ಚು ಆಮೇಲೆ ಒಂದೊಂದಾಗಿ ಹೊರಬಂತು. 2022ರ ಡಿಸೆಂಬರ್‌ಗೆ ಅಂದಿದ್ದ ಕೀಲಿ 2023ರ ಜೂನ್‌ಗೆ ಬಂತು. ಅಲ್ಲಿತನಕ ಕಾಣದ ಮನೆಗೆ ಬಡ್ಡಿ ಕಟ್ಟಿದ್ದೇ ಕಟ್ಟಿದ್ದು. ಕೀಲಿ ಕೊಡುವ ದಿನ 24 ತಿಂಗಳ ಮೇಂಟೆನೆನ್ಸ್ ಮುಂಗಡವಾಗಿ ಎಣಿಸಿಕೊಂಡರು.

ಮಾರುವಾಗ ಗೊತ್ತಾಯಿತು, ನನ್ನ ಎದುರಾಳಿ ಪಕ್ಕದ ಮನೆಯವರಲ್ಲ, ಬಿಲ್ಡರೇ. ನಾನು ಹೇಳಿದ್ದು 50 ಲಕ್ಷ. ಬ್ರೋಕರ್ ಒಂದು ಶನಿವಾರ ಹೊಸದಾಗಿ ಮದುವೆಯಾದ ಜೋಡಿಯನ್ನು ಕರೆತಂದ. ಅಡುಗೆಮನೆ ಕಟ್ಟೆಯ ಮೇಲೆ ನನ್ನ ಬೆರಳಚ್ಚು ಮೂಡುವಷ್ಟು ಧೂಳು, ನಾನು ಸೆರಗಿನಲ್ಲೇ ಒರೆಸುತ್ತಿದ್ದೆ. ಹುಡುಗಿ ನೇರ ಬಾಲ್ಕನಿಗೆ ಹೋದಳು. ಎದುರಿಗೆ ಕ್ರೇನ್ ತಿರುಗುತ್ತಿತ್ತು, ಅದೇ ಟೌನ್‌ಶಿಪ್‌ನ ಮುಂದಿನ ಫೇಸ್, ಅಂದರೆ ಮುಂದಿನ ಹಂತದ ಕಟ್ಟಡ. "ಅಲ್ಲಿ ಎಷ್ಟಂತೆ?" ಅಂತ ಬ್ರೋಕರನ್ನು ಕೇಳಿದಳು. ಅಲ್ಲಿ 49, ಸ್ಟ್ಯಾಂಪ್ ಡ್ಯೂಟಿ ಬಿಲ್ಡರದ್ದೇ, ಈಗ ಶೇ. 10 ಕಟ್ಟಿದರೆ ಸಾಕು, ಉಳಿದದ್ದು ಕೀಲಿ ಕೊಟ್ಟಾಗ. ಇನ್ನು ನನ್ನದನ್ನು ಯಾರು ಕೇಳುತ್ತಾರೆ?

ಆಮೇಲೆ ಬ್ರೋಕರೇ ಬಾಯಿಬಿಟ್ಟ: "ವಹಿನಿ, ಸುಮ್ನೆ ಯಾಕೆ ಸುಳ್ಳು ಹೇಳಲಿ, ಹೊಸ ಫೇಸ್‌ಗೆ ನನಗೆ ಸಿಗೋ ಕಮಿಷನ್ ನಿಮ್ಮದಕ್ಕಿಂತ ಜಾಸ್ತಿ." ಸಿಟ್ಟು ಬಂದರೂ, ಇಷ್ಟು ನೇರವಾಗಿ ಹೇಳಿದವನು ಅವನೊಬ್ಬನೇ.

ಇನ್ನೊಂದು ಕಿರಿಕಿರಿ. ಹೊಸ ಕಟ್ಟಡದಲ್ಲಿ ಸೊಸೈಟಿ ಇನ್ನೂ ಆಗಿರಲಿಲ್ಲ, ಹಾಗಾಗಿ ಮಾರಲು ಬೇಕಾದ ಎನ್‌ಒಸಿಗೂ (ಅಭ್ಯಂತರವಿಲ್ಲ ಎಂಬ ಪತ್ರ) ಬಿಲ್ಡರ್ ಹತ್ತಿರವೇ ಹೋಗಬೇಕು. ಅದಕ್ಕೊಂದು ಶುಲ್ಕ, ಅದಕ್ಕೊಂದು ತಿಂಗಳು. ಕೊನೆಗೆ 44ಕ್ಕೆ ಕೊಟ್ಟೆ. ಬಡ್ಡಿ, ಮೇಂಟೆನೆನ್ಸ್ ಕಳೆದು ನೋಡಿದರೆ ಲಾಭ ಅನ್ನಲು ನಾಚಿಕೆ.

ಹಳೇ ಮನೆಗೆ ಬಂದವರು ಬಾಲ್ಕನಿ ನೋಡಲೇ ಇಲ್ಲ. ಇರಲೂ ಇಲ್ಲ ಬಿಡಿ. ಅವರು ಕೇಳಿದ್ದು ಕಾಗದ. ಡೊಂಬಿವಲಿಯಲ್ಲಿ 65 ಕಟ್ಟಡಗಳು ಪಾಲಿಕೆಯ ನಕಲಿ ಪರವಾನಗಿ ತೋರಿಸಿ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನಂಬರ್ ಪಡೆದಿದ್ದವು, 2024ರಲ್ಲಿ ಹೈಕೋರ್ಟ್ ಅವನ್ನು ಕೆಡವಲು ಹೇಳಿತು. ಅಂದಿನಿಂದ ಇಲ್ಲಿ ಬರೀ ರೇರಾ ನಂಬರ್ ತೋರಿಸಿದರೆ ಯಾರೂ ನಂಬಲ್ಲ. ಓಸಿ (ವಾಸಕ್ಕೆ ಪಾಲಿಕೆ ಕೊಡುವ ಪತ್ರ), ಸೊಸೈಟಿಯ ಶೇರ್ ಸರ್ಟಿಫಿಕೇಟ್, ಇಂಡೆಕ್ಸ್ ಟು (ನೋಂದಣಿಯ ಸಾರಾಂಶ), ನಮಗಿಂತ ಮೊದಲಿದ್ದವರ ಅಗ್ರಿಮೆಂಟ್, ಎಲ್ಲ ಬೇಕು. ಆ ಮೊದಲ ಅಗ್ರಿಮೆಂಟ್ ಗೋದ್ರೇಜ್ ಬೀರುವಿನಲ್ಲಿ ಧಾರೆ ಸೀರೆಯ ಕೆಳಗೆ ಸಿಕ್ಕಿತು, ಡಾಂಬರು ಗುಳಿಗೆಯ ವಾಸನೆ ಸಮೇತ. ಅದು ಸಿಗದಿದ್ದರೆ ಕೊಳ್ಳುವವರಿಗೆ ಸಾಲ ಆಗುತ್ತಿರಲಿಲ್ಲ.

54 ಲಕ್ಷಕ್ಕೆ ಮಾತು ಮುಗಿಯಿತು. 50 ಲಕ್ಷ ಮುಟ್ಟಿದ್ದರಿಂದ ಕೊಳ್ಳುವವರು ಶೇ. 1, ಅಂದರೆ 54,000 ಟಿಡಿಎಸ್ (ಮೂಲದಲ್ಲೇ ಕಡಿತವಾಗುವ ಆದಾಯ ತೆರಿಗೆ) ಹಿಡಿದು ಕೊಟ್ಟರು. ಮನೆ ಕೈಬದಲಾಗುವಾಗ ಸೊಸೈಟಿ ತೆಗೆದುಕೊಳ್ಳುವ ಟ್ರಾನ್ಸ್‌ಫರ್ ಪ್ರೀಮಿಯಂ 25,000 ದಾಟುವಂತಿಲ್ಲ. ಅಷ್ಟನ್ನೂ ತೆಗೆದುಕೊಂಡರು, ನಾವೂ ಕೊಳ್ಳುವವರೂ ಅರ್ಧರ್ಧ ಹಾಕಿದೆವು. ಹೌದು, ಇದು ಹನ್ನೊಂದು ವರ್ಷ ಇಟ್ಟುಕೊಂಡ ಮನೆ, ಬೆಲೆಗೆ ಬೆಲೆ ತೂಗುವುದು ಸರಿಯಲ್ಲ. ಆದರೆ 19 ದಿನ! ಸ್ಟೇಷನ್ ಹತ್ತಿರ ಹೊಸ ಕಟ್ಟಡಕ್ಕೆ ಜಾಗವಿಲ್ಲ, ಹಾಗಾಗಿ ನಮಗೆ ಪೈಪೋಟಿ ಕೊಡುವವರೂ ಇರಲಿಲ್ಲ.

ಹಾಗಂತ ಹಳೆಯದೇ ಮೇಲು ಅಂತ ನಾನು ಹೇಳಲ್ಲ. ಅತ್ತೆಗೆ ಮಂಡಿನೋವು, ಮೂರು ಮಹಡಿ ಹತ್ತುವಾಗ ಪ್ರತಿ ತಿರುವಿನಲ್ಲೂ ನಿಂತು ಉಸಿರು ತೆಗೆದುಕೊಳ್ಳುತ್ತಿದ್ದರು. ವಾಸಕ್ಕೆ ಹೊಸದೇ ಆಗಬೇಕಿತ್ತು. ಆರು ವರ್ಷದೊಳಗೆ ಮಾರುವ ಯೋಚನೆ ಇದ್ದರೆ ಮಾತ್ರ, ಇನ್ನೂ ಮೂರು ಫೇಸ್ ಬಾಕಿ ಇರುವ ಟೌನ್‌ಶಿಪ್ ಬೇಡ.

ಪುಣೆಯ ರಾವೇತ್‌ನಲ್ಲಿ ಈ ಸಲ ಲಿಫ್ಟ್ ಇರುವ, ಸೊಸೈಟಿ ಆಗಿರುವ ರೀಸೇಲ್ ಹುಡುಕಿದೆ. ನನ್ನೊಬ್ಬಳ ಹೆಸರಿನಲ್ಲಿ ಮಾಡಿಸಿದ್ದರಿಂದ ಸ್ಟ್ಯಾಂಪ್ ಡ್ಯೂಟಿ ಶೇ. 7ರ ಬದಲು 6. ಹೆಣ್ಣಿನ ಹೆಸರಿನ ಈ ರಿಯಾಯಿತಿ ಪಡೆದ ಮನೆಯನ್ನು 15 ವರ್ಷ ಗಂಡಸರಿಗೆ ಮಾರುವಂತಿಲ್ಲ ಎಂಬ ಷರತ್ತನ್ನು 2023ರಲ್ಲಿ ತೆಗೆದುಹಾಕಿದ್ದರು, ಇಲ್ಲದಿದ್ದರೆ ಧೈರ್ಯ ಬರುತ್ತಿರಲಿಲ್ಲ.

ಆ ಮನೆ ನೋಡಲು ಹೋದಾಗ ಅವರು ಹಾಲ್ ತೋರಿಸುತ್ತಿದ್ದರೆ ನಾನು ಬಾಲ್ಕನಿಗೆ ಹೋಗಿ ಕ್ರೇನ್ ಎಣಿಸಿದೆ. ಎರಡು ಕಂಡವು. ಮೂರು ಲಕ್ಷ ಇಳಿಸಿ ಕೇಳಿದೆ, ಒಂದೂವರೆಗೆ ಒಪ್ಪಿದರು.