ಜಾರ್ಜಿಯಾ, ಟೆಕ್ಸಾಸ್, ಕ್ಯಾಲಿಫೋರ್ನಿಯಾ: ಸರ್ಕಾರಿ ಕಿಂಡರ್‌ಗಾರ್ಟನ್ ಎಲ್ಲಿ ಹೇಗೆ?

ಅಮೆರಿಕದ ಸಂವಿಧಾನದಲ್ಲಿ ಶಿಕ್ಷಣದ ಮಾತೇ ಇಲ್ಲ. ಹಾಗಾಗಿ ಮಗುವನ್ನು ಎಷ್ಟನೇ ವಯಸ್ಸಿಗೆ ಸೇರಿಸಿಕೊಳ್ಳಬೇಕು, ದಿನಕ್ಕೆ ಎಷ್ಟು ಹೊತ್ತು ಶಾಲೆ ನಡೆಸಬೇಕು, ದುಡ್ಡು ಎಲ್ಲಿಂದ ಬರಬೇಕು ಅನ್ನುವುದನ್ನೆಲ್ಲ ಹೆಚ್ಚಾಗಿ ಆಯಾ ರಾಜ್ಯವೇ ತೀರ್ಮಾನ ಮಾಡುತ್ತದೆ. ಯಜಮಾನರ ಪ್ರಾಜೆಕ್ಟ್ ಹಿಂದೆ ಊರೂರು ಸುತ್ತಿ ನಮಗೆ ಮೂರು ರಾಜ್ಯಗಳ ರುಚಿ ಸಿಕ್ಕಿದೆ. ಮಗಳು ಪ್ರಿ-ಕೆ, ಕಿಂಡರ್‌ಗಾರ್ಟನ್ ಎರಡನ್ನೂ ಜಾರ್ಜಿಯಾದಲ್ಲಿ ಮುಗಿಸಿದಳು. ಮಗ ಟೆಕ್ಸಾಸ್‌ನಲ್ಲಿ ಶುರು ಮಾಡಿ, ಕಿಂಡರ್‌ಗಾರ್ಟನ್ ಅರ್ಧದಲ್ಲಿ ಕ್ಯಾಲಿಫೋರ್ನಿಯಾಕ್ಕೆ ಬಂದ. ಪ್ರಿ-ಕೆ ಅಂದರೆ ಹೆಚ್ಚು ಕಡಿಮೆ ನಮ್ಮ ಎಲ್‌ಕೆಜಿ, ಕಿಂಡರ್‌ಗಾರ್ಟನ್ ಅಂದರೆ ಯುಕೆಜಿ. ಮೂರೂ ಕಡೆ ಸೆಪ್ಟೆಂಬರ್ 1ಕ್ಕೆ 5 ವರ್ಷ ತುಂಬಿದ ಮಗುವಿಗೆ ಕಿಂಡರ್‌ಗಾರ್ಟನ್ ಪುಕ್ಕಟೆ. ಅಷ್ಟರ ಮಟ್ಟಿಗೆ ಒಂದೇ, ಮುಂದಿನದೆಲ್ಲ ಬೇರೆ ಬೇರೆ.

ಮೊದಲು 4 ವರ್ಷದ ಮಕ್ಕಳ ವಿಷಯ. ಜಾರ್ಜಿಯಾದಲ್ಲಿ ಪ್ರಿ-ಕೆ ನಡೆಯುವುದು ಲಾಟರಿ ಹಣದಿಂದ. ನಿಜವಾಗಿಯೂ ಲಾಟರಿ! ಪೆಟ್ರೋಲ್ ಬಂಕ್‌ನಲ್ಲಿ ಜನ ಕೊಳ್ಳುವ ಟಿಕೆಟ್‌ನ ಲಾಭ ಪುಟ್ಟ ಮಕ್ಕಳ ಟೀಚರ್ ಸಂಬಳಕ್ಕೆ ಹೋಗುತ್ತದೆ. 2007ರಲ್ಲಿ ಲಾಟರಿಯನ್ನೇ ನಿಷೇಧಿಸಿದ ಕರ್ನಾಟಕದಿಂದ ಹೋದ ನಮಗೆ ಇದು ವಿಚಿತ್ರ ಅನ್ನಿಸಿತ್ತು. ಆದರೆ ಈ ವ್ಯವಸ್ಥೆ 1993ರಿಂದ ನಡೆದುಕೊಂಡು ಬಂದಿದೆ. ಅಪ್ಪ ಅಮ್ಮನ ಸಂಬಳ ಎಷ್ಟು ಅಂತ ಯಾರೂ ಕೇಳುವುದಿಲ್ಲ. ದಿನಕ್ಕೆ ಆರೂವರೆ ಗಂಟೆ ಕ್ಲಾಸು. ಸರ್ಕಾರಿ ಶಾಲೆಯೇ ಆಗಬೇಕೆಂದಿಲ್ಲ, ಒಪ್ಪಂದ ಮಾಡಿಕೊಂಡ ಖಾಸಗಿ ಡೇಕೇರ್‌ನಲ್ಲೂ ನಡೆಯುತ್ತದೆ. ಒಂದೇ ತೊಡಕು, ಸೀಟು ಸೀಮಿತ. ಬೇಡಿಕೆ ಜಾಸ್ತಿ ಇರುವ ಕಡೆ ಸೀಟಿಗೂ ಚೀಟಿ ಎತ್ತುತ್ತಾರೆ. ಮಗಳಿಗೆ ಮೊದಲು ಬಂದಿದ್ದು ವೇಟಿಂಗ್ ಲಿಸ್ಟ್, ಸೀಟು ಸಿಕ್ಕಿದ್ದು ಆಮೇಲೆ.

ಟೆಕ್ಸಾಸ್ ಹಾಗಲ್ಲ. ಅಲ್ಲಿ ಪುಕ್ಕಟೆ ಪ್ರಿ-ಕೆ ಎಲ್ಲರಿಗೂ ಇಲ್ಲ. ಬಡ ಕುಟುಂಬ, ಮನೆಯಿಲ್ಲದವರು, ಸೈನಿಕರ ಮಕ್ಕಳು, ಹೀಗೆ ಕಾನೂನಿನಲ್ಲೇ ಒಂದು ಪಟ್ಟಿ ಇದೆ. ಸಾಫ್ಟ್‌ವೇರ್ ಸಂಬಳದವರು ಆ ಪಟ್ಟಿಯ ಹತ್ತಿರಕ್ಕೂ ಸುಳಿಯುವುದಿಲ್ಲ, ಅಲ್ವಾ? ಆದರೆ ಅದೇ ಪಟ್ಟಿಯಲ್ಲಿ ಇನ್ನೊಂದು ಸಾಲಿದೆ: ಇಂಗ್ಲಿಷ್ ಮಾತಾಡಲು, ಅರ್ಥ ಮಾಡಿಕೊಳ್ಳಲು ಬಾರದ ಮಗು. ನಮ್ಮ ಹುಡುಗ ಅಜ್ಜಿ ಕೈಯಲ್ಲಿ ಬೆಳೆದವನು, ಬಾಯಿ ಬಿಟ್ಟರೆ ಬರೀ ಕನ್ನಡ. ಸ್ಕೂಲ್ ಡಿಸ್ಟ್ರಿಕ್ಟ್ ಅಂದರೆ ಆ ಭಾಗದ ಸರ್ಕಾರಿ ಶಾಲೆಗಳನ್ನು ನಡೆಸುವ ಸಂಸ್ಥೆ. ಅದರ ಆಫೀಸಿನಲ್ಲಿ ಮೊದಲು ಮನೆಭಾಷೆಯ ಫಾರಂ ತುಂಬಿಸಿದರು. ಆಮೇಲೆ ಒಬ್ಬರು ಟೀಚರ್ ಅವನನ್ನು ಚಿಕ್ಕ ಮೇಜಿನ ಮುಂದೆ ಕೂರಿಸಿಕೊಂಡು ಚಿತ್ರ ತೋರಿಸುತ್ತಾ ಹೋದರು. ಕೊಡೆಯ ಚಿತ್ರಕ್ಕೆ 'ಛತ್ರಿ' ಅಂದ. ಮೊಲಕ್ಕೆ 'ಮೊಲ'. ಪೆನ್ಸಿಲ್ ಕೈಗೆತ್ತಿಕೋ ಅಂತ ಇಂಗ್ಲಿಷಿನಲ್ಲಿ ಹೇಳಿದರೆ ತಿರುಗಿ ನನ್ನ ಮುಖ ನೋಡಿದ. ಸೀಟು ಸಿಕ್ಕಿತು. ಅದೂ ಇಡೀ ದಿನದ ಸೀಟು, ಯಾಕೆಂದರೆ 2019ರ ಕಾನೂನು ಪಟ್ಟಿಯಲ್ಲಿರುವ 4 ವರ್ಷದ ಮಕ್ಕಳಿಗೆ ಪೂರ್ತಿ ದಿನ ಕೊಡಲೇಬೇಕು ಅನ್ನುತ್ತದೆ. ಪಕ್ಕದ ಅಪಾರ್ಟ್‌ಮೆಂಟಿನ ನಮ್ಮವರೇ ಒಬ್ಬರು ಮಗಳ ಜೊತೆ ಮನೆಯಲ್ಲೂ ಇಂಗ್ಲಿಷೇ ಆಡುತ್ತಿದ್ದರು. ಆ ಮಗು ಪಟಪಟ ಉತ್ತರ ಹೇಳಿ ಸೀಟು ಕಳೆದುಕೊಂಡಿತು. ಅವರು ತಿಂಗಳಿಗೆ ಸಾವಿರ ಡಾಲರ್ ಮೇಲೆ ಕೊಟ್ಟು ಖಾಸಗಿ ಶಾಲೆಗೆ ಕಳಿಸಿದರು.

ಕ್ಯಾಲಿಫೋರ್ನಿಯಾದಲ್ಲಿ ಇದಕ್ಕೆ ಟಿಕೆ ಅನ್ನುತ್ತಾರೆ, ಟ್ರಾನ್ಸಿಷನಲ್ ಕಿಂಡರ್‌ಗಾರ್ಟನ್. ಮೊದಲು ಕೆಲವು ತಿಂಗಳಲ್ಲಿ ಹುಟ್ಟಿದವರಿಗೆ ಮಾತ್ರ ಇತ್ತು, ವರ್ಷ ವರ್ಷ ವಿಸ್ತರಿಸಿ 2025-26ಕ್ಕೆ 4 ತುಂಬಿದ ಎಲ್ಲರಿಗೂ ತೆರೆದರು. ನಾವು ಬರುವಾಗ ಮಗ ಆ ವಯಸ್ಸು ದಾಟಿದ್ದ, ಅದರ ಬಗ್ಗೆ ನಾನು ಹೆಚ್ಚು ಹೇಳಲಾರೆ.

ಕಿಂಡರ್‌ಗಾರ್ಟನ್‌ಗೆ ಬರೋಣ. ಕೆಲಸಕ್ಕೆ ಹೋಗುವ ತಾಯಿಗೆ ಮೊದಲ ಪ್ರಶ್ನೆ ಸಮಯದ್ದು. ಜಾರ್ಜಿಯಾದಲ್ಲೂ ಟೆಕ್ಸಾಸ್‌ನಲ್ಲೂ ನಮ್ಮ ಮಕ್ಕಳು ಬೆಳಿಗ್ಗೆ ದೊಡ್ಡ ಮಕ್ಕಳ ಜೊತೆಗೇ ಹೋಗಿ ಅವರ ಜೊತೆಗೇ ವಾಪಸ್ ಬರುತ್ತಿದ್ದರು. ಕ್ಯಾಲಿಫೋರ್ನಿಯಾದ ನಿಯಮದ ಪ್ರಕಾರ ದಿನಕ್ಕೆ ಕನಿಷ್ಠ 180 ನಿಮಿಷ ಪಾಠ ಮಾಡಿದರೆ ಸಾಕು. ಹಾಗಾಗಿ ಕೆಲವು ಶಾಲೆ ಇಡೀ ದಿನ, ಕೆಲವು ಅರ್ಧ ದಿನ. ನಮ್ಮದು ಊಟದ ಹೊತ್ತಿಗೇ ಬಿಡುತ್ತಿತ್ತು. 'ಅಯ್ಯೋ, ಇದೇನೇ ಇದು, ಬುತ್ತಿ ಕಟ್ಟೋದೂ ಬೇಡ್ವಲ್ಲೇ' ಅಂತ ಅಮ್ಮ ತುಮಕೂರಿನಿಂದ ಫೋನಲ್ಲಿ ನಕ್ಕಿದ್ದರು. ನಗು ಅವರಿಗೆ, ಮಧ್ಯಾಹ್ನದ ಡೇಕೇರ್ ಬಿಲ್ ನಮಗೆ. ಶಾಲೆ ಬಿಟ್ಟ ಮೇಲೆ ಮಕ್ಕಳನ್ನು ನೋಡಿಕೊಳ್ಳುವುದಕ್ಕೂ ರಾಜ್ಯ ಹಣ ಕೊಡುತ್ತದೆ. ಆದರೆ ಅದರಲ್ಲಿ ಮೊದಲ ಆದ್ಯತೆ ಬಡ ಮಕ್ಕಳಿಗೆ, ಅದು ಸರಿಯೇ.

ನನಗೆ ಹೆಚ್ಚು ಕುತೂಹಲ ಹುಟ್ಟಿಸಿದ್ದು ರಾಜ್ಯ ಶಾಲೆಗೆ ದುಡ್ಡು ಎಣಿಸಿ ಕೊಡುವ ರೀತಿ. ಜಾರ್ಜಿಯಾದಲ್ಲಿ ಅಕ್ಟೋಬರ್‌ನಲ್ಲಿ ಒಮ್ಮೆ, ಮಾರ್ಚ್‌ನಲ್ಲಿ ಒಮ್ಮೆ ಮಕ್ಕಳ ತಲೆ ಎಣಿಸುತ್ತಾರೆ. ಆ ಲೆಕ್ಕದ ಮೇಲೆ ಹಣ. ಅದೂ ಹೈಸ್ಕೂಲ್ ಮಕ್ಕಳಿಗಿಂತ ಕಿಂಡರ್‌ಗಾರ್ಟನ್ ಮಗುವಿಗೇ ಜಾಸ್ತಿ. ಟೆಕ್ಸಾಸ್, ಕ್ಯಾಲಿಫೋರ್ನಿಯಾ ಎರಡೂ ಕಡೆ ಸರಾಸರಿ ದಿನದ ಹಾಜರಿ ನೋಡುತ್ತಾರೆ. ಮಗು ಮನೆಯಲ್ಲಿ ಉಳಿದರೆ ಶಾಲೆಗೆ ಅಷ್ಟು ಖೋತಾ.

ಇದು ನಮಗೆ ಗೊತ್ತಾಗಿದ್ದು ಊರಿಗೆ ಹೋಗುವಾಗ. ಟಿಕೆಟ್ ಅಗ್ಗ ಸಿಗಲಿ ಅಂತ ಕ್ರಿಸ್‌ಮಸ್ ರಜೆಗೆ ಒಂದೆರಡು ವಾರ ಸೇರಿಸುವುದು ನಮ್ಮವರೆಲ್ಲರ ಪದ್ಧತಿ. ಜಾರ್ಜಿಯಾದಲ್ಲಿ ಟೀಚರ್ 'ಹೋಗಿ ಬನ್ನಿ' ಅಂದರು, ಅಷ್ಟೇ. ತೀರಾ ಜಾಸ್ತಿ ರಜೆಯಾದರೆ ಅಲ್ಲೂ ಹೆಸರು ತೆಗೆಯಬಹುದು, ಅದು ಬೇರೆ. ಟೆಕ್ಸಾಸ್‌ನಲ್ಲಿ ಮೇಲಿಂದ ಮೇಲೆ ಪತ್ರ ಬಂತು. ಆ ರಾಜ್ಯದಲ್ಲಿ ಕಡ್ಡಾಯ ಶಿಕ್ಷಣ ಶುರುವಾಗುವುದು 6ಕ್ಕೆ, ಆದರೆ ಪ್ರಿ-ಕೆಗೆ ಸೇರಿಸಿದ ಗಳಿಗೆಯಿಂದ ಹಾಜರಿ ಕಾನೂನು ಅನ್ವಯಿಸುತ್ತದೆ. ಮಜಾ ಅಂದರೆ ಅದೇ ಟೆಕ್ಸಾಸ್‌ನಲ್ಲಿ ದೀಪಾವಳಿಗೆ ಧಾರ್ಮಿಕ ಹಬ್ಬ ಅಂತ ಚೀಟಿ ಬರೆದುಕೊಟ್ಟು, ತಪ್ಪಿದ ಪಾಠ ಮಾಡಿಸಿಬಿಟ್ಟರೆ ಹಾಜರಿ ಅಂತಲೇ ಲೆಕ್ಕ. ಕ್ಯಾಲಿಫೋರ್ನಿಯಾ ಇನ್ನೂ ಜಾಣ. ಮೊದಲೇ ತಿಳಿಸಿದರೆ 'ಇಂಡಿಪೆಂಡೆಂಟ್ ಸ್ಟಡಿ' ಅಂತ ಒಪ್ಪಂದಕ್ಕೆ ಸಹಿ ಹಾಕಿಸಿಕೊಂಡು ಒಂದು ಕಟ್ಟು ವರ್ಕ್‌ಶೀಟ್ ಕೈಗೆ ಕೊಡುತ್ತಾರೆ. ತುಮಕೂರಿನ ಜಗಲಿಯಲ್ಲಿ ಕೂತು ಬಣ್ಣ ತುಂಬಿಸಿ ತಂದುಕೊಟ್ಟರೆ ಶಾಲೆಯ ಹಣ ಉಳಿಯುತ್ತದೆ.

ಆದರೆ ಕ್ಯಾಲಿಫೋರ್ನಿಯಾದಲ್ಲೇ ಜೇಬಿಗೂ ಕೈ ಹಾಕುತ್ತಾರೆ. 1978ರಲ್ಲಿ ಜನಮತದಿಂದ ಬಂದ ಪ್ರೊಪೊಸಿಷನ್ 13 ಅಲ್ಲಿ ಆಸ್ತಿ ತೆರಿಗೆಗೆ ಕಡಿವಾಣ ಹಾಕಿದೆ. ಮನೆ ಕೊಂಡಾಗಿನ ಬೆಲೆಯ ಮೇಲೆ 1%, ಆಮೇಲೆ ಆ ಬೆಲೆಯನ್ನು ವರ್ಷಕ್ಕೆ 2%ಗಿಂತ ಜಾಸ್ತಿ ಏರಿಸುವಂತಿಲ್ಲ. ಆ ತೆರಿಗೆಯಿಂದ ಶಾಲೆಗಳಿಗೆ ಬರುವ ಹಣಕ್ಕೂ ಮಿತಿ ಬಿತ್ತು. ಹಾಗಾಗಿ ಕಲೆ, ಸಂಗೀತ, ಸಹಾಯಕ ಟೀಚರ್‌ಗೆ ಅಂತ ಎಷ್ಟೋ ಕಡೆ ಪೋಷಕರ ಫೌಂಡೇಶನ್ ಮಗುವಿಗೆ ಇಷ್ಟು ಅಂತ ದೇಣಿಗೆ ಕೇಳುತ್ತದೆ. ಕಾನೂನಿನ ಪ್ರಕಾರ ಕೊಡಲೇಬೇಕೆಂದಿಲ್ಲ. ಆದರೆ ಇಮೇಲ್ ಬರುತ್ತಲೇ ಇರುತ್ತದೆ, ಗೇಟಿನ ಹತ್ತಿರ ಎಷ್ಟು ಕೂಡಿತು ಅಂತ ತೋರಿಸುವ ಬೋರ್ಡೂ ಇತ್ತು. ಟೆಕ್ಸಾಸ್‌ನಲ್ಲಿ ಈ ಕಾಟ ಇರಲಿಲ್ಲ. ಅಲ್ಲಿ ರಾಜ್ಯದ ಆದಾಯ ತೆರಿಗೆಯೇ ಇಲ್ಲ, ಆಸ್ತಿ ತೆರಿಗೆ ಮಾತ್ರ ಸ್ವಂತ ಮನೆಯವರ ಸೊಂಟ ಮುರಿಯುವಷ್ಟು.

ಕೇಳಿದವರಿಗೆ ನಾನು ಹೇಳುವುದು ಇಷ್ಟು. ಮಗುವಿಗೆ 4 ವರ್ಷ, ಮನೆಯಲ್ಲಿ ಕನ್ನಡ ಮಾತ್ರ ಅಂದರೆ ಟೆಕ್ಸಾಸ್‌ನಲ್ಲಿ ಡೇಕೇರ್‌ಗೆ ಮುಂಗಡ ಕಟ್ಟುವ ಮೊದಲು ಡಿಸ್ಟ್ರಿಕ್ಟ್‌ನ ಭಾಷಾ ಪರೀಕ್ಷೆ ಮಾಡಿಸಿ. ಇಂಗ್ಲಿಷ್ ಬರುವ ಮಗುವಾದರೆ ಟೆಕ್ಸಾಸ್‌ಗಿಂತ ಜಾರ್ಜಿಯಾನೇ ಮೇಲು, ಚೀಟಿ ಎತ್ತುವ ಮೊದಲೇ ಎರಡು ಮೂರು ಕಡೆ ಅರ್ಜಿ ಹಾಕಿಡಿ. ಕಿಂಡರ್‌ಗಾರ್ಟನ್‌ಗೆ ನನ್ನ ಓಟು ಟೆಕ್ಸಾಸ್‌ಗೇ. ಕ್ಯಾಲಿಫೋರ್ನಿಯಾಕ್ಕೆ ಬರುವವರು ಮನೆ ಹುಡುಕುವಾಗ ಶಾಲೆಯ ರೇಟಿಂಗ್ ನೋಡುವುದಿರಲಿ, ಮಕ್ಕಳನ್ನು ಎಷ್ಟು ಗಂಟೆಗೆ ಬಿಡುತ್ತಾರೆ ಅಂತ ಮೊದಲು ಫೋನ್ ಮಾಡಿ ಕೇಳಿ.