ಸಿಂಗಪುರಕ್ಕೆ ಹೊರಟವರಿಗೆ ಖರ್ಚಿನ ಲೆಕ್ಕ: ಬೆಳಗಾವಿಯ ಒಂದು ಸೇವೆ

ಕೆಲಸಕ್ಕೆಂದು ಸಿಂಗಪುರಕ್ಕೆ ಹೊರಟ ತಮ್ಮನಿಗಾಗಿ, ಅಲ್ಲಿನ ಜೀವನವೆಚ್ಚವನ್ನು ಲೆಕ್ಕ ಹಾಕಿಕೊಡುವ ಬೆಳಗಾವಿ ಟಿಳಕವಾಡಿಯ ಸಲಹಾ ಕೇಂದ್ರವೊಂದರ ಸೇವೆಯನ್ನು ಪಡೆದೆವು. ಸರ್ಕಾರಿ ವಸತಿ ಮಂಡಳಿಯ ಫ್ಲ್ಯಾಟಿನಲ್ಲಿ ಬರಿಯ ಕೋಣೆ ಹಿಡಿದರೂ ಕನಿಷ್ಠ 6 ತಿಂಗಳ ಕರಾರು ಕಡ್ಡಾಯವೆಂಬುದನ್ನೂ, ಕಾರು ಕೊಳ್ಳಲು ಅದರ ಬೆಲೆಯಲ್ಲದೆ ಅದನ್ನು ಇಟ್ಟುಕೊಳ್ಳುವ 10 ವರ್ಷಗಳ ಹಕ್ಕುಪತ್ರಕ್ಕೂ ಹರಾಜಿನ ದರ ತೆರಬೇಕಾಗುವುದರಿಂದ ಮೆಟ್ರೊ, ಬಸ್ಸುಗಳನ್ನೇ ನೆಚ್ಚುವುದು ಜಾಣತನವೆಂಬುದನ್ನೂ ಅವರು ಬಿಡಿಸಿ ಹೇಳಿದರು. 2024ರಲ್ಲಿ ಶೇ. 9ಕ್ಕೇರಿದ ಸರಕು ಮತ್ತು ಸೇವಾ ತೆರಿಗೆಯೂ ಪಟ್ಟಿಯಲ್ಲಿತ್ತು. ಊಟದ ಲೆಕ್ಕ ಮಾತ್ರ ದುರ್ಬಲ. ಹಾಕರ್ ಸೆಂಟರ್‌ಗಳ, ಅಂದರೆ ಒಂದೇ ಸೂರಿನಡಿ ಸಾಲು ಮಳಿಗೆಗಳಿರುವ ಊಟದ ತಾಣಗಳ, ಅಗ್ಗದ ದರವನ್ನೇ ಹಿಡಿದಿದ್ದರು, ಆದರೆ ಜೋಳದ ರೊಟ್ಟಿಯಿಲ್ಲದೆ ಊಟ ಮುಗಿಸದ ನಮ್ಮ ಕಡೆಯವರು ಲಿಟಲ್ ಇಂಡಿಯಾದ ಅಂಗಡಿಗಳಲ್ಲಿ ಸುರಿಯುವ ಹಣವೇ ಬೇರೆ. ವಿದೇಶಿ ನೌಕರರಿಗೆ ಸರ್ಕಾರಿ ಆಸ್ಪತ್ರೆಗಳಲ್ಲಿ ಸಬ್ಸಿಡಿ ದೊರೆಯುವುದಿಲ್ಲವೆಂಬ ಮುಖ್ಯ ಸಂಗತಿಯನ್ನು ನಾವಾಗಿ ಕೇಳಿದ ಮೇಲಷ್ಟೇ ತಿಳಿಸಿದರು. ಶುಲ್ಕ ನ್ಯಾಯವಾಗಿದೆ; ಆಸ್ಪತ್ರೆ ವಿಮೆಯ ಪ್ರಶ್ನೆಗಳನ್ನು ಬರೆದುಕೊಂಡೇ ಹೋಗುವುದು ಒಳಿತು.